ಸೊಂಟದ ಅಳತೆ

ಟೇಪು ಸುತ್ತಿದೆ ಬಾದಾಮಿ ಮರಕ್ಕೆ.
ಐವತ್ತೆಂಟು ಇಂಚು.
ಇಪ್ಪತ್ತಾರು ವರ್ಷ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಕತ್ತರಿಸಿದ್ದೇನೆ,
ಇಂಥ ಸೊಂಟ ಇನ್ನೂ ನನ್ನ ಮೇಜಿಗೆ ಬಂದಿಲ್ಲ.

ಮಸ್ತಾನ್‌ವಲಿ ಟೇಪು ನೋಡಿ ನಕ್ಕ.
ಅವನು ಮರ ಅಳೆಯುವುದು ಕಣ್ಣಲ್ಲೇ.
ಮೊದಲು ಬುಡವಲ್ಲ, ಮೇಲಿನ ಕರೆಂಟು ತಂತಿ,
ಆಮೇಲೆ ಪಕ್ಕದ ಮನೆಯ ಸಿಮೆಂಟು ಶೀಟು,
ಟ್ರ್ಯಾಕ್ಟರು ತಿರುಗದ ನಮ್ಮ ಓಣಿ,
ಕೊನೆಗೆ ನನ್ನ ಮುಖ.
"ಹದಿನೆಂಟು ಸಾವಿರ ಆಗ್ತೈತ್ರಿ ಮಾಸ್ಟ್ರ."

ಪೀಸಿಗೆ ಆರು ರೂಪಾಯಿ ನನಗೆ.
ಒಳಗೆ ಯಾರೋ ಲೆಕ್ಕ ಹಾಕಿದರು: ಮೂರು ಸಾವಿರ ಪ್ಯಾಂಟು.
ಆರು ಸಾವಿರ ಕಾಲು
ಅಂಗಳದಲ್ಲಿ ಸಾಲಾಗಿ ನಿಂತ ಹಾಗಾಯಿತು.

ಈ ಮರ ನಾವು ನೆಟ್ಟಿದ್ದಲ್ಲ.
ಯಾವುದೋ ಬಾವಲಿ ಅರ್ಧ ತಿಂದು ಬೀಳಿಸಿದ ಕಾಯಿ.
ಅರ್ಜಿಯಲ್ಲಿ ಒಂದು ಖಾನೆ ಇತ್ತು, ನೆಟ್ಟವರ ಹೆಸರು.
ನನ್ನದೇ ಬರಿ ಅಂದಳು ಹೊನ್ನೂರಮ್ಮ,
ಪಾತ್ರೆ ತೊಳೆದ ನೀರು ಹಾಕಿದಾಕಿ ನಾನಲ್ಲೇನು.

ಈಗ ಅದು ಕೇಳದೆಯೇ ಕುಡಿಯುತ್ತದೆ.
ಸಂಪಿನ ಗೋಡೆ ಸೀಳಿ ಬೇರು ಒಳಗೆ ಬಂದಿದೆ,
ಬಚ್ಚಲಲ್ಲಿ ಸಿಕ್ಕ ಕೂದಲಿನ ಗಂಟಿನ ಹಾಗೆ.
ಹತ್ತು ದಿನಕ್ಕೊಮ್ಮೆ ನಲ್ಲಿ ಬರುವ ಓಣಿಯಲ್ಲಿ
ನಾಲ್ಕನೇ ದಿನಕ್ಕೇ ಕೊಡ ತಳಕ್ಕೆ ತಾಗಿ ಸದ್ದು ಮಾಡುತ್ತದೆ.
ರಾತ್ರಿ ಹೊನ್ನೂರಮ್ಮ ಮುಚ್ಚಳ ಸರಿಸಿ
ಕಿವಿಗೊಟ್ಟು ಕೂರುತ್ತಾಳೆ,
ಕಳ್ಳನ ಹೆಜ್ಜೆ ಕೇಳುವವಳಂತೆ.

ಚೌಕಾಸಿ ನನಗೆ ಗೊತ್ತಿರುವ ವಿದ್ಯೆ,
ನನ್ನ ಮೇಲೆ ಪ್ರಯೋಗಿಸಿಯೇ ಕಲಿಸಿದ್ದಾರೆ ಓನರುಗಳು.
ಕಟ್ಟಿಗೆ ನೀನೇ ಒಯ್ಯಿ. ಮೂರು ಸಾವಿರ ಇಳಿಯಿತು.
ಸೊಪ್ಪು ನಾವೇ ಸಾಗಿಸ್ತೀವಿ. ಐನೂರು.
ಹೊಸ ಹಗ್ಗ, ಸಾವಿರ, ಅಂತ ಇತ್ತು ಇನ್ನೊಂದು ಸಾಲು.
ಹಳೇದು ಇಲ್ಲೇನು? ಅಂದೆ.
ಮಸ್ತಾನ್‌ವಲಿ ಹಚ್ಚದ ಬೀಡಿಯನ್ನು ಸ್ವಲ್ಪ ಹೊತ್ತು ನೋಡಿದ.
"ಐತಿ."
ಪ್ಯಾಟರ್ನ್ ಕಾಗದದ ಮೇಲೆ ಆ ಸಾಲು ಹೊಡೆದು ಹಾಕಿದೆ.
ಹದಿಮೂರೂವರೆ.

ಹತ್ತುವವನು ಪೆನ್ನೋಬಳಿ.
ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ. ಸೊಂಟ ಇಪ್ಪತ್ತೆಂಟು,
ಅದು ನನಗೆ ಟೇಪಿಲ್ಲದೆ ಗೊತ್ತಾಗುತ್ತದೆ.
ಬರಿಗಾಲು, ಬೆನ್ನಿಗೆ ಮಚ್ಚು.
ಬಾದಾಮಿ ಕೊಡೆಯ ಮೇಲೆ ಕೊಡೆ ಬಿಚ್ಚಿ ಬೆಳೆಯುವ ಮರ;
ಮೂರನೇ ಕೊಡೆ ದಾಟಿದಾಗ ಅವನ ಬೆನ್ನಿಗೆ ಬಿಸಿಲು ಬಿತ್ತು,
ಹಿಂಜೇಬು ಕಂಡಿತು.
ಎಡದ್ದು ಬಲಕ್ಕಿಂತ ಅರ್ಧ ಇಂಚು ಅಗಲ.
ಅದು ನನ್ನ ಕತ್ತರಿ.
ಜ್ವರದಲ್ಲಿ ಕೊರೆದ ಲಾಟು,
ಓನರು ನನ್ನ ಕೂಲಿಯಲ್ಲಿ ಮುರಿದುಕೊಂಡ ಲಾಟು,
ಸಂತೆಯಲ್ಲಿ ನೂರೈವತ್ತಕ್ಕೆ ಹೋದದ್ದು.

ಆ ಸೊಂಟದ ಸುತ್ತ ಹಳೇ ಹಗ್ಗ.
ಒಂದು ಕಡೆ ಎಳೆ ಬಿಚ್ಚಿ
ಸವೆದ ಜೀನ್ಸಿನ ಮಡಿಕೆಯ ಹಾಗೆ ಬೆಳ್ಳಗಾಗಿತ್ತು.

ಇಳಿಸು, ಅಂದೆ.
ಮೊದಲು ಮೆಲ್ಲಗೆ ಅಂದೆನೇನೋ, ಯಾರಿಗೂ ಕೇಳಲಿಲ್ಲ.
ಇಳಿಸಲೇ ಅವನ್ನ, ಮೊದಲು ಇಳಿಸು!
ಹೊನ್ನೂರಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

ಮಸ್ತಾನ್‌ವಲಿ ಬೈಕಿನಲ್ಲಿ ಹೋಗಿ ಬರುವ ತನಕ
ಹುಡುಗ ಸಂಪಿನ ಕಟ್ಟೆಯ ಮೇಲೆ ಕೂತು
ಎರಡು ಚೊಂಬು ನೀರು ಕುಡಿದ.
ಹಗ್ಗ ಸಾವಿರದ ಇನ್ನೂರಾಗಿತ್ತು.
ಕೊಟ್ಟೆ.

ಸಂಜೆಗೆ ಆಕಾಶ ಅಂಗಳಕ್ಕೆ ಇಳಿದು
ಏನು ಮಾಡಬೇಕೋ ತಿಳಿಯದೆ ನಿಂತಿತ್ತು.
ಪೆನ್ನೋಬಳಿ ಕೊನೆಗೆ ಒಂದು ಕಾಗೆ ಗೂಡು ತಂದ, ಖಾಲಿ.
ಕಡ್ಡಿ, ತಂತಿ, ನಡುವೆ
ನಮ್ಮ ಓಣಿಯ ಮಷಿನ್ನುಗಳು ಉದುರಿಸಿದ ನೀಲಿ ದಾರ.
"ಇದು ಲೆಕ್ಕದಾಗ ಇಲ್ರಿ," ಅಂದ.

ಬುಡ ಇನ್ನೂ ಇದೆ. ಐವತ್ತೆಂಟು ಇಂಚು.
ಬೇರಿಗೆ ಬ್ಯಾರೆ ರೇಟು ಅಂದಿದ್ದಾನೆ ಮಸ್ತಾನ್‌ವಲಿ.
ಈ ತಿಂಗಳು ಆಗೋದಿಲ್ಲ ಅಂದೆ.

ರಾತ್ರಿ ಹೊನ್ನೂರಮ್ಮ ಮುಚ್ಚಳ ಸರಿಸಿದಳು.
ಕೇಳಿಸ್ತಾ? ಅಂದೆ.
ಸುಮ್ಮನಿರು, ಅಂದಳು.