ಟಿಫ್

ಹೊಂಡದ ಸರ್ಕಲ್ಲಿನ ಹಿಂದೆ, ಮಹಡಿ ಮೇಲಿನ ಪ್ರೆಸ್ಸಿನಲ್ಲಿ
ಮಕ್ಕಳ ಇಂಗ್ಲಿಷ್ ಕನ್ನಡ ನಿಘಂಟು ಕೂರಿಸುತ್ತಿದ್ದೇನೆ.
ಅಕ್ಷರ ಟಿ. ಇವತ್ತಿನ ಪದ: ಟಿಫ್.
ಕಾಲಮ್ಮಿನ ಅಗಲ ಎರಡು ಬೆರಳು,
ಅಷ್ಟರಲ್ಲೇ ಅರ್ಥ ಮುಗಿಯಬೇಕು.

ಜಗಳ ಎಂದು ಕುಟ್ಟಿದೆ. ಅಳಿಸಿದೆ.
ಜಗಳಕ್ಕೆ ನಮ್ಮ ಕಡೆ ಓಣಿ ಪೂರಾ ಬೇಕು,
ನಲ್ಲಿಯ ಮುಂದೆ ಕೊಡ ಉರುಳಬೇಕು,
ಸತ್ತ ಅತ್ತೆಯನ್ನೂ ಎಬ್ಬಿಸಿ ಸಾಕ್ಷಿಗೆ ಕರೆಯಬೇಕು.
ಕಲಹ? ಅದು ಪುರಾಣದವರದು.
ವ್ಯಾಜ್ಯಕ್ಕೆ ವಕೀಲ, ಕದನಕ್ಕೆ ಕುದುರೆ.
ತಕರಾರು ಅಂದರೆ ತಾಲ್ಲೂಕು ಕಚೇರಿಯ ವಾಸನೆ.
ಮುನಿಸು ಹತ್ತಿರ ಬಂತು,
ಆದರೆ ಮುನಿಸು ಒಬ್ಬರದು;
ಇದಕ್ಕೆ ಇಬ್ಬರು ಬೇಕಲ್ಲ.

"ಟಿಫಿನ್ನು ಅರ್ಧಕ್ಕೇ ನಿಂತ್ರೆ ಟಿಫ್ಫು, ಬರ್ಕಳ್ರಿ ಸಾರ್"
ಎಂದ ಕಾಗದ ಕತ್ತರಿಸುವ ದಾದಾಪೀರ್.
ನಗಲಿಲ್ಲ ನಾನು.
ಮೂರು ದಿನದಿಂದ ನನ್ನ ಡಬ್ಬಿ
ಹೋದ ಹಾಗೇ ಮನೆಗೆ ಮರಳುತ್ತಿದೆ.

ಸೋಮವಾರ ಯಾರೋ ಕೊಡಿಸಿದ ಬೆಣ್ಣೆದೋಸೆ ತಿಂದು
ಅವಳ ರೊಟ್ಟಿ ಮುಟ್ಟದೆ ತಂದದ್ದು ಮೊದಲನೆಯದು.
"ರೊಟ್ಟಿ ಬಿರುಸಾಗಿತ್ತು" ಎಂದ ಸುಳ್ಳು ಎರಡನೆಯದು.
ಆಮೇಲೆ ಅವಳು ಕಟ್ಟುವುದು, ನಾನು ತೆರೆಯದಿರುವುದು,
ಕಟ್ಟೆಯ ಮೇಲೆ ಠಕ್ ಎಂದು ಇಡುವ ಸದ್ದೊಂದೇ ಸಂಭಾಷಣೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ.
ಉಣ್ಣುವುದೇ ಜಗಳವಾದರೆ?
ಗಾದೆ ಕಟ್ಟಿದವನಿಗೆ
ಬುತ್ತಿ ಕಟ್ಟುವವರು ಇರಲಿಲ್ಲವೇನೋ.

ಎರಡು ಗಂಟೆಗೆ ಕರೆಂಟು ಹೋಯಿತು.
ಹೊಟ್ಟೆಯ ಸದ್ದು ಕೇಳುವಷ್ಟು ನಿಶ್ಶಬ್ದ.
ಡಬ್ಬಿ ಎತ್ತಿದರೆ ತೂಕವೇ ಇಲ್ಲ.
ಮುಚ್ಚಳ ತೆಗೆದೆ: ಅಂಚಿನ ತನಕ ಒಣ ಮಂಡಕ್ಕಿ.
ಒಗ್ಗರಣೆಯಿಲ್ಲ, ಈರುಳ್ಳಿಯಿಲ್ಲ,
ಒಂದು ಚಿಟಿಕೆ ಪುಟಾಣಿಹಿಟ್ಟೂ ಇಲ್ಲ.
ಹಿಡಿ ಅಕ್ಕಿ ಬಿಸಿ ಮರಳಿನಲ್ಲಿ ಸಿಟ್ಟಾಗಿ
ಡಬ್ಬಿ ತುಂಬ ಊದಿಕೊಂಡು ಕೂತಿತ್ತು.
ಎಲ್ಲ ತಿಂದೆ. ನೀರು ಕುಡಿದೆ.

ಕರೆಂಟು ಬಂದಾಗ ಕುಟ್ಟಿದೆ:
ಟಿಫ್, ನಾಮಪದ. ಮಂಡಕ್ಕಿ ತೂಕದ ಜಗಳ.
ಮಾಲೀಕ ಶಿವಯೋಗಪ್ಪ ಕನ್ನಡಕ ಏರಿಸಿ
"ಇದೇನ್ರಿ, ಅರ್ಥ ಕೇಳಿದ್ರೆ ತಿಂಡಿ ಕೊಡ್ತೀರಿ?"
ಎಂದು ಕೆಂಪು ಶಾಯಿಯಲ್ಲಿ ತಿದ್ದಿದರು: ಸಣ್ಣ ಜಗಳ.
ಇರಲಿ. ಮದುವೆಯಾದ ಮೇಲೆ ಮಕ್ಕಳೇ ತಿದ್ದಿಕೊಳ್ಳುತ್ತಾರೆ.

ಸಂಜೆ ಪೇಪರಿನಲ್ಲಿ ನಾಲ್ಕು ಮಿರ್ಚಿ ಸುತ್ತಿಸಿಕೊಂಡು
ಎಣ್ಣೆ ಜೇಬಿಗಿಳಿಯುವ ಮೊದಲೇ ಮನೆ ಸೇರಿದೆ.
ಡಬ್ಬಿಯನ್ನು ಈ ಸಲ ಸದ್ದಾಗದಂತೆ ಇಟ್ಟೆ.
ಮುರಿಗೆಮ್ಮ ಅದನ್ನೆತ್ತಿ, ಕಿವಿಯ ಹತ್ತಿರ ಹಿಡಿದು
ಅಲುಗಾಡಿಸಿ ನೋಡಿದಳು.

"ತೊಳ್ದು ತಂದಿದ್ರೆ ಕೈ ಸವೀತಿತ್ತಾ?"