ಏಳನೇ ವಾರದ ಬೇಲಿ

ವೇಲ್ಸ್‌ನ ಪಾಂಟ್ ಲುಯ್ಡ್, ಕೂಡುರಸ್ತೆಯ ಕಾಮಗಾರಿ,
ಹದಿನಾಲ್ಕು ತಿಂಗಳು.
ಮನೆಮನೆಗೆ ಹಂಚಿದ ಹಾಳೆಯಲ್ಲಿ
ಎರಡು ಭಾಷೆಯಲ್ಲಿ ಒಂದೇ ಕ್ಷಮೆ,
ಕ್ಷಮೆಯ ಕೆಳಗೆ ನನ್ನ ಫೋನ್ ನಂಬರು.

ಅಗೆಯುವವರು ಅಗೆಯುತ್ತಾರೆ, ಡಾಂಬರಿನವರು ಸುರಿಯುತ್ತಾರೆ.
ಬೈಸಿಕೊಳ್ಳುವುದಕ್ಕೆ ಅಂತ ಒಬ್ಬಳು ಬೇಕಲ್ಲ,
ಸಂಬಳ ಕೊಟ್ಟು ನನ್ನನ್ನು ಇಟ್ಟುಕೊಂಡರು.
ಹೆಸರು ಎಲುನೆಡ್. ಹುದ್ದೆಯ ಹೆಸರು ಉದ್ದ, ಬೇಡ ಬಿಡಿ.

ಇಡ್ವಾಲ್‌ನ ಕೋಳಿಗಳು ಮೊಟ್ಟೆ ಇಡುತ್ತಿಲ್ಲ,
ರೋಲರ್ ಗದಗುಟ್ಟಿದಾಗೆಲ್ಲ ಗೂಡಿನ ಮೂಲೆ ಸೇರುತ್ತವಂತೆ.
ಪರಿಹಾರದ ಅರ್ಜಿಯಲ್ಲಿ ಕೋಳಿಗೆ ಅಂಕಣವಿಲ್ಲ;
‘ಇತರೆ’ ಎಂಬಲ್ಲಿ ಬರೆದೆ: ಕೋಳಿ, ಒಂಬತ್ತು.
ರಾತ್ರಿಪಾಳಿ ಮುಗಿಸಿ ಹಗಲು ಮಲಗುವ ನರ್ಸು ನೆಸ್ಟಾ:
“ಕಾಂಕ್ರೀಟು ಒಡೆಯುವ ನಿಮ್ಮ ಹುಡುಗನಿಗೆ ತಾಯಿ ಇಲ್ಲವೇ?”
ಇದ್ದಾಳೆ. ಅವಳೂ ಫೋನು ಮಾಡಿದ್ದಳು,
ಬಸ್ಸು ತನ್ನ ಬೀದಿ ಬಿಟ್ಟು ಹೋಗುತ್ತಿದೆ ಅಂತ.
ಮೀನು ಕರಿಯುವವನಿಗೆ ‘ಅಂಗಡಿ ತೆರೆದಿದೆ’ ಅಂತ
ಹಳದಿ ಬೋರ್ಡು ಹಾಕಿಸಿಕೊಟ್ಟೆವು.
ಬಾಣ ಮಾತ್ರ ಎರಡು ದಿನ
ಸ್ಮಶಾನದ ಕಡೆ ತಿರುಗಿತ್ತು.

ಟೆಗ್ವಿನ್ ಪ್ರಾಬರ್ಟ್ ದೂರಲಿಲ್ಲ.
ಒಮ್ಮೆ ಕೇಳಿದ, ಅಷ್ಟೇ:
“ಅಂಚೆಕಚೇರಿಯಿಂದ ನಲವತ್ತೊಂದು ಹೆಜ್ಜೆಗೆ
ಒಂದು ಕಂಬ ಇತ್ತಲ್ಲ, ಎಲ್ಲಿಟ್ಟಿರಿ?”
ಹನ್ನೊಂದು ವರ್ಷದಿಂದ ಕಣ್ಣಿಲ್ಲ.
ಊರು ಅವನಿಗೆ ಎಣಿಕೆ.
ನಮ್ಮ ನಕ್ಷೆಯಲ್ಲಿ ಹುಡುಕಿದೆ,
ಆ ಕಂಬ ಇರಲೇ ಇಲ್ಲ.

ಆಮೇಲೆ ಪ್ರತಿ ಸೋಮವಾರ ಬೆಳಿಗ್ಗೆ ಆರೂವರೆ,
ಬೇಲಿ ಜಾಗ ಬದಲಿಸಿದ ಮರುಗಳಿಗೆ,
ಅವನ ಕೈ ನನ್ನ ಮೊಣಕೈ ಮೇಲೆ.
ಹತ್ತೊಂಬತ್ತು. ಎಡಕ್ಕೆ. ತಗಡಿನ ಹಾಸು, ಕಾಲಡಿ ಟೊಳ್ಳು ಸದ್ದು.
ಏಳು. ಇಲ್ಲಿ ಜನರೇಟರು, ಬಲಗೆನ್ನೆಗೆ ಬಿಸಿ.
“ನಾಳೆಯೂ ಬಿಸಿ ಇರುತ್ತದೆಯೇ?”
ಶುಕ್ರವಾರದವರೆಗೆ, ಅಂದುಬಿಟ್ಟೆ.
ಬುಧವಾರವೇ ಅದನ್ನು ಸಾಗಿಸಬೇಕು ಅಂತ ಫೋರ್‌ಮನ್.
ಇಲ್ಲೇ ಏನಕ್ಕೆ ಬೇಕು ಅಂದ.
ಒಬ್ಬರ ಕೆನ್ನೆಗೆ, ಅಂದೆ.
ನಕ್ಕ. ಬಿಟ್ಟ.

ಏಳನೇ ವಾರ, ಬೇಕರಿಯ ಮುಂದೆ,
ಯಾರಿಗೂ ಗೊತ್ತಿರದ ಗ್ಯಾಸ್ ಕೊಳವೆಯೊಂದು ಹೊರಬಿತ್ತು.
ಆಳುದ್ದ ಗುಂಡಿ, ಸುತ್ತ ಅರ್ಧಚಂದ್ರ ಬೇಲಿ:
ತಿರುಗಿ ಬಳಸಲು ಹನ್ನೊಂದು ಹೆಜ್ಜೆ.
ಟೆಗ್ವಿನ್ ಬೇಲಿಗೆ ಮೂಗು ಚಾಚಿ ನಿಂತ.
“ಹಳೇ ಇಟ್ಟಿಗೆ. ಕುದುರೆಗೆ ನೀರಿಡುವ ತೊಟ್ಟಿ ಇತ್ತು ಇಲ್ಲಿ,
ಚಿಕ್ಕವನಿದ್ದಾಗ ನೋಡಿದ್ದೇನೆ.”
ಇಣುಕಿದೆ. ಇಟ್ಟಿಗೆಯೇ. ಕೆಂಪು, ಒದ್ದೆ.
ಗ್ಯಾಸಿನವರು ಇವತ್ತು ಬಂದಾರು, ನಾಳೆ ಬಂದಾರು,
ಒಂದು ವಾರದ ಬೇಲಿ ಇಪ್ಪತ್ತಾರು ವಾರ ನಿಂತಿತು.
ಆ ಹನ್ನೊಂದನ್ನು ಮಾತ್ರ ನಾವು ಎಣಿಸುವುದು ಬಿಟ್ಟೆವು,
ಕಾಲಿಗೆ ಬಾಯಿಪಾಠವಾಗಿತ್ತು.

ಮಾರ್ಚಿಯಲ್ಲಿ ಯಾರೋ ಮಂತ್ರಿ ಬಂದರು, ರಿಬ್ಬನ್ನು, ಕತ್ತರಿ.
ಇನ್ನು ನಾಲ್ಕು ನಿಮಿಷ ಉಳಿತಾಯವಂತೆ ಎಲ್ಲರಿಗೂ.
ಬಸ್ಸು ಹಳೇ ಬೀದಿಗೆ ಮರಳಿತು.
ಕೋಳಿಗಳ ಸಮಾಚಾರ ಗೊತ್ತಿಲ್ಲ;
ಮೊಟ್ಟೆ ಇಟ್ಟರೆ ಯಾರು ಫೋನು ಮಾಡುತ್ತಾರೆ?

ಕೊನೆಯ ಸೋಮವಾರ. ಕೆಲಸವಿರಲಿಲ್ಲ, ಆರೂವರೆಗೆ ಹೋದೆ.
ಟೆಗ್ವಿನ್ ಒಬ್ಬನೇ ಬರುತ್ತಿದ್ದ, ಹೊಸ ಕಲ್ಲುಹಾಸಿನ ಮೇಲೆ
ಕೋಲು ಟಿಕ್ಕೆನ್ನುತ್ತಾ.
ಹೇಳಿಕೊಟ್ಟಿದ್ದೆ: ಈಗ ನೇರ, ಅರವತ್ತಮೂರು.
ಸರಿ ಅಂದಿದ್ದ.
ಬೇಕರಿಯ ಮುಂದೆ ಅವನು
ಖಾಲಿ ಗಾಳಿಯ ಅಂಚಿಗೆ ಭುಜ ಸವರುವಂತೆ
ಸುತ್ತಿ ಬಳಸಿ ಹೋದ.

ಕೂಗಲಿಲ್ಲ. ಹಿಂದೆಯೇ ನಡೆದೆ.
ಅಷ್ಟರಲ್ಲಿ ಜೇಬಿನಲ್ಲಿ ಫೋನು,
ಶುಕ್ರವಾರ ಹಿಂದಿರುಗಿಸಬೇಕಾದದ್ದು,
ಹೊಡೆದುಕೊಳ್ಳತೊಡಗಿತು.
ಎತ್ತಲು ನಿಂತರೆ
ಎಂಟನೇ ಹೆಜ್ಜೆಯಲ್ಲಿದ್ದೆ.