ತಡಮೆ

ಹಗಲು ನಾನು ಗೋಡೆ ಬರೆಯುವವನು.
ಬಿಕರ್ನಕಟ್ಟೆಯ ಮೂರನೇ ಮಾಳಿಗೆಯ ಆಫೀಸಿನಲ್ಲಿ
ಕೆಂಪುಕಲ್ಲಿನ ಕಂಪೌಂಡುಗಳ ನಕ್ಷೆ:
ಇಷ್ಟು ಅಡಿ ಎತ್ತರ, ಇಷ್ಟು ಆಳದ ಪಾಯ,
ಮೇಲೆ ಬಾಟಲಿಯ ಗಾಜು ಚುಚ್ಚಬೇಕೋ ಬೇಡವೋ
ಅದೊಂದನ್ನು ಮಾತ್ರ ಬಾಯಲ್ಲಿ ಕೇಳುತ್ತೇನೆ.

ರಾತ್ರಿ ಊಟವಾದ ಮೇಲೆ
ಅಕ್ಕನ ಮಗಳು ಮೋಕ್ಷಿತಾಳ ಲ್ಯಾಪ್‌ಟಾಪಿನೊಳಗೆ
ನಾವಿಬ್ಬರೂ ಮೃಗಾಲಯ ಕಟ್ಟುತ್ತೇವೆ.
ಅವಳಿಗೆ ಹನ್ನೊಂದು. ಸೈಕಲಿನಿಂದ ಬಿದ್ದು ಪ್ಲಾಸ್ಟರು.
ಮಂಚದ ಮೇಲೆ ದಿಂಬು, ದಿಂಬಿನ ಮೇಲೆ ಕಾಲು,
ಹೊಟ್ಟೆಯ ಮೇಲೆ ಆಫ್ರಿಕಾ.

“ಒಂದೊಂದಕ್ಕೆ ಒಂದೊಂದು ಕೋಣೆ ಕಟ್ಟಿದ್ರೆ
ಅದು ಝೂ ಅಲ್ಲ ಮಾಮ, ಲಾಡ್ಜ್.”
ಜಿರಾಫೆ, ಜೀಬ್ರಾ, ಉಷ್ಟ್ರಪಕ್ಷಿ,
ಬಟ್ಟಲು ಬೋರಲು ಹಾಕಿದಂಥ ಒಂದು ಆಮೆ,
ಎಲ್ಲವನ್ನೂ ಒಂದೇ ಬಯಲಿಗೆ ಬಿಟ್ಟಳು.
ಪರದೆಯ ಮೂಲೆಯಲ್ಲಿ ಹಸಿರು ಪಟ್ಟಿಗಳು ಏರಿದವು.
ಒಟ್ಟಿಗಿದ್ದರೆ ಇವಕ್ಕೆ ಖುಷಿಯಂತೆ,
ಯಂತ್ರಕ್ಕೆ ಯಾರೋ ಹಾಗೆ ಹೇಳಿಕೊಟ್ಟಿದ್ದಾರೆ.

ಹುಲಿ? ಕೇಳಿದೆ.
“ಹುಲಿಗೆ ಸಪರೇಟ್. ನಿಮಗೆ ತಲೆ ಉಂಟಾ?”

ಅಳತೆಯ ಕೆಲಸ ನನ್ನದು.
ಜಿರಾಫೆಯ ಸೊಪ್ಪಿನ ಬುಟ್ಟಿ ಮೇಲೆ ಕಟ್ಟಬೇಕು,
ಕೆಳಗಿಟ್ಟರೆ ಜೀಬ್ರಾ ಬಂದು ಮುಗಿಸುತ್ತದೆ.
ನೀರು ಎರಡು ಕಡೆ. ನೆರಳು ನಾಲ್ಕು ಕಡೆ.
ಆಮೆಗೊಂದು ಬಿಸಿಲು ಕುಡಿದ ಕಲ್ಲು.
ಆದರೂ ಆರನೇ ದಿನ
(ಅಲ್ಲಿಯ ಆರು ದಿನವೆಂದರೆ ಇಲ್ಲಿ ಕುಚ್ಚಲಕ್ಕಿ ಬೇಯುವಷ್ಟು ಹೊತ್ತು)
ಕೆಂಪು ಗಂಟೆ ಬಾರಿಸಿತು: ಗಾಯ.

ಉಷ್ಟ್ರಪಕ್ಷಿಯೇ ಒದ್ದಿರಬೇಕು, ಅಂದೆ.
ಅಷ್ಟುದ್ದ ಕುತ್ತಿಗೆಯವರನ್ನು ನಂಬಲು ನನಗೆ ಬರುವುದಿಲ್ಲ.
ಅವಳು ಕ್ಯಾಮರಾ ತಿರುಗಿಸಿ ಹುಡುಕಿದಳು.
ಜೀಬ್ರಾ ಕಚ್ಚಿದ್ದು ಜೀಬ್ರಾವನ್ನೇ.
ಒಂದೇ ತಾಯಿಯ ಎರಡು ಗಂಡು,
ದೊಡ್ಡದು ಸಣ್ಣದನ್ನು ಬೇಲಿಗೊತ್ತಿ ನಿಲ್ಲಿಸಿತ್ತು,
ಯಾವ ಪಟ್ಟೆ ಯಾರದೆಂದು ತಿಳಿಯದಷ್ಟು ಹತ್ತಿರ.

ಆಗಲೇ ಕರೆಂಟು ಹೋಯಿತು.
ಸೊಳ್ಳೆಬತ್ತಿಯ ತುದಿ. ಪರದೆಯ ಬೆಳಕಲ್ಲಿ ಅವಳ ಮೂಗು.
ನಂತೂರಿನ ಏರು ಹತ್ತುವ ಲಾರಿಗಳ ಏದುಸಿರು.
“ಪಾಪ, ಅದಕ್ಕೆ ಓಡ್ಲಿಕ್ಕೆ ಜಾಗ ಇಲ್ಲ” ಎಂದಳು,
ತನ್ನ ಕಾಲನ್ನೇ ನೋಡುತ್ತ.

ಆಗ ನೆನಪಾದದ್ದು ತಡಮೆ.
ನಾವು ಶಾಲೆಗೆ ಹೋಗುವ ಅಡ್ಡದಾರಿಯ ಬೇಲಿಯಲ್ಲಿ ಒಂದಿತ್ತು.
ಕವಲೊಡೆದ ಒಂದು ಮರದ ತುಂಡು, ಅಷ್ಟೇ.
ಮನುಷ್ಯ ದಾಟುತ್ತಾನೆ, ದನ ದಾಟುವುದಿಲ್ಲ.
ಬೀಡಿ ಕಟ್ಟು ಹೊತ್ತ ಹೆಂಗಸರು ಅಲ್ಲಿ
ಸೀರೆ ತುಸು ಎತ್ತಿ, ಮಾತು ನಿಲ್ಲಿಸದೆ, ದಾಟುತ್ತಿದ್ದರು.
“ತಡಮೆ ಅಂದ್ರೆ ಎಂತ?”
ಕತ್ತಲಲ್ಲಿ ಬೆರಳಿನಿಂದ ಬರೆದು ತೋರಿಸಿದೆ.
ಅವಳಿಗೆ ಕಂಡಿತೋ ಇಲ್ಲವೋ.

ಬ್ಯಾಟರಿ ಮುಗಿಯುವ ಮೊದಲು ಬಂಡೆಗಳ ಸಾಲಿಟ್ಟಳು,
ನಡುವೆ ಸಣ್ಣದರ ಭುಜ ತೂರುವಷ್ಟೇ ಸಂದು.
ಸಣ್ಣದು ಮೂಸಿತು, ಹಿಂದೆ ಬಂತು,
ಮತ್ತೆ ಮೂಸಿ ಒಳಗೆ ನುಸುಳಿತು.
ದೊಡ್ಡದು ಹೊರಗೆ ನಿಂತು ಬಾಲ ಬೀಸಿತು,
ಬೇಜಾರಾದವರಂತೆ.

ಮರುದಿನ ಬಂಗೇರ ಅಣ್ಣತಮ್ಮಂದಿರ ನಕ್ಷೆ.
ಮೂವತ್ತೆರಡು ಸೆಂಟ್ಸು, ಎರಡು ಪಾಲು, ನಡುವೆ ಏಳಡಿ ಗೋಡೆ;
ಬಾವಿ ತಮ್ಮನ ಕಡೆಗೆ ಬಂದಿದೆ.
ಬಾವಿಯ ಬದಿಯಲ್ಲಿ ಎರಡಡಿ ಗೆರೆ ಬಿಟ್ಟೆ.
ಅದಕ್ಕೊಂದು ಹೆಸರು ಬರೆಯಲು ಧೈರ್ಯವಾಗಲಿಲ್ಲ.

ದೊಡ್ಡ ಬಂಗೇರರು ಕನ್ನಡಕ ಹಣೆಗೇರಿಸಿ
“ಇಲ್ಲಿ ಗೆರೆ ತಪ್ಪಿ ಹೋಗಿದೆಯಲ್ಲ” ಎಂದರು.
ಹೌದು ಎಂದೆ.
ಪೆನ್ಸಿಲ್ ಕೇಳಿದರು. ಕೊಟ್ಟೆ.
ಕಿವಿಗೆ ಸಿಕ್ಕಿಸಿಕೊಂಡರು,
ಕಿಟಕಿಯ ಹೊರಗೆ ನೋಡುತ್ತ ಕೂತರು.

ಅಷ್ಟರಲ್ಲಿ ಫೋನು.
“ಮಾಮ, ಆಮೆ ನಮ್ಮ ತಡಮೆಯಲ್ಲೇ ಮಲಗಿದೆ.
ಆಚೆಯೂ ಇಲ್ಲ, ಈಚೆಯೂ ಇಲ್ಲ. ಎತ್ತಿ ಇಡ್ಲಾ?”
ಗಂಟೆ ಬಾರಿಸಿತಾ?
“ಇಲ್ಲ.”
ಹಾಗಾದರೆ ಇರಲಿ ಬಿಡು, ಎಂದೆ.
ಬಂಗೇರರು ನನ್ನತ್ತ ತಿರುಗಿದರು.